ನೆಲ ಬಿಡದ ಕಾಲು

ರಾತ್ರಿ ಹನ್ನೊಂದೂವರೆಗೆ ಪಡಸಾಲೆಯಿಂದ ಚರ್ ಎಂದು ಒಂದು ಸಣ್ಣ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಫರಸಿ ಕಲ್ಲಿನ ನೆಲದ ಮೇಲೆ ಯಾರೋ ಏನನ್ನೋ ಎಳೆದಂತೆ. ನನ್ನದು ತೆಳು ನಿದ್ದೆ. ಬಾಗಿಲ ಚಿಲಕ, ಗ್ಯಾಸಿನ ಗುಂಡಿ, ಮಗಳ ಹೊದಿಕೆ, ಇವನ್ನು ರಾತ್ರಿಗೆ ಎರಡು ಸಲ ನೋಡಿ ಬರುವವಳು ನಾನು. ಗಂಡ ಕಲ್ಲಣ್ಣ ಸರಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರು. ಬೆಳಗಿನ ಐದರ ಗಾಡಿ ಅವರದು, ಹಾಗಾಗಿ ಎಬ್ಬಿಸಲಿಲ್ಲ. ಲಟ್ಟಣಿಗೆ ಹಿಡಿದುಕೊಂಡು ಒಬ್ಬಳೇ ಹೋದೆ.

ಹದಿನಾರು ವರ್ಷದ ಮಗಳು ಪ್ರಾಜಕ್ತಾ ಬೂಟು ಹಾಕಿಕೊಂಡು ಕತ್ತಲಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಿತ್ತು. ಹಿಮ್ಮಡಿ ನೆಲಕ್ಕೆ ತಾಗಿದಾಗೆಲ್ಲ ಚರ್.

ಲಟ್ಟಣಿಗೆ ನೋಡಿ ಅವಳು, "ಕಳ್ಳ ಬಂದಿದ್ರ ಚಪಾತಿ ಮಾಡಿ ಹಾಕಾಕಿದ್ದೇನ ಮಮ್ಮಿ?" ಎಂದಳು.

ಎರಡು ತಿಂಗಳಲ್ಲಿ ಅವಳು ನನ್ನೊಡನೆ ಆಡಿದ ಮಾತುಗಳಲ್ಲಿ ಅದೇ ಅತಿ ಉದ್ದದ್ದು. ಉಳಿದ ಹೊತ್ತು ನಾನು ಅವಳನ್ನು ನೋಡುವುದು, ಅವಳು "ಎಷ್ಟ ನೋಡ್ತಿ" ಅನ್ನುವುದು, ಅಷ್ಟೇ.

ಅವಳದು ವೇಗದ ನಡಿಗೆಯ ಸ್ಪರ್ಧೆ. ಓಡಬಾರದು, ಆದರೆ ಓಡುವಷ್ಟು ವೇಗ ಇರಬೇಕು. ಒಂದಲ್ಲ ಒಂದು ಕಾಲು ಸದಾ ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ಎದ್ದದ್ದು ತೀರ್ಪು ಕೊಡುವ ಪಂಚರ ಕಣ್ಣಿಗೆ ಬಿದ್ದರೆ ಕೆಂಪು ಕಾರ್ಡು. ಮೂರು ಕಾರ್ಡಾದರೆ ಹೊರಗೆ. ಹೋದ ವರ್ಷ ಸೊಲ್ಲಾಪುರದ ಆಯ್ಕೆಯಲ್ಲಿ ಇನ್ನೊಂದೇ ಸುತ್ತು ಉಳಿದಿದ್ದಾಗ ಹೊರಬಿದ್ದಿದ್ದಳು. ಈ ಸಲವೂ ಹಾಗಾದರೆ ತಂಡದಲ್ಲಿ ಜಾಗವಿಲ್ಲ ಎಂದು ತರಬೇತಿ ಕೊಡುವ ನಿತಿನ ಸರ್ ಹೇಳಿಬಿಟ್ಟಿದ್ದರಂತೆ. ಇಪ್ಪತ್ತೊಂದು ದಿನ ಉಳಿದಿತ್ತು.

"ದಣದ ಮ್ಯಾಲೆ ಕಾಲ ಏಳ್ತಾವ, ನನಗ ತಿಳಿಯಂಗಿಲ್ಲ. ಯಾರರೆ ಹಿಂದಿನಿಂದ ನೋಡವ್ರ ಬೇಕು" ಎಂದಳು, ನನ್ನ ಮುಖ ನೋಡದೆ.

ನೋಡುವವರು. ಹದಿನಾರು ವರ್ಷದಿಂದ ನಾನು ಬೇರೇನು ಮಾಡಿದ್ದೆ?

ಮರುದಿನದಿಂದ ಕಲ್ಲಣ್ಣನವರ ಬಸ್ಸು ನಮ್ಮಿಬ್ಬರನ್ನು ನಮ್ಮೂರು ಅಕ್ಕಲಕೋಟದಿಂದ ಐದು ಕಿಲೋಮೀಟರ್ ಆಚೆ, ಸೊಲ್ಲಾಪುರ ರಸ್ತೆಯಲ್ಲಿ ಇಳಿಸತೊಡಗಿತು. ಅಲ್ಲಿಂದ ಮನೆಗೆ ನಡೆದು ಬರುವುದು. ಅವಳು ನಡೆದಳು, ಅವಳ ಜೊತೆಗಿರಲು ನಾನು ಓಡಬೇಕಾಯಿತು. ಚೂಡಿದಾರ, ಗಂಡನ ಹಳೆಯ ಬೂಟು, ಒಳಗೆ ಎರಡು ಜೊತೆ ಕಾಲುಚೀಲ. ಅವಳ ಕಾಲು ಎದ್ದದ್ದು ಕಂಡರೆ ನಾನು "ನೆಲ" ಎಂದು ಕೂಗಬೇಕು. ಮೊದಲ ದಿನ ಮೂರು ಸಲ ಕೂಗಿದೆ. ನಾಲ್ಕನೆಯದಕ್ಕೆ ಉಸಿರು ಉಳಿಯಲಿಲ್ಲ. ಅವಳು ತಿರುಗಿ ಬಂದು ನನ್ನ ಸುತ್ತ ನಡೆಯುತ್ತಲೇ, ಉಸಿರು ಬಿಡು, ಹೆಗಲು ಬಿಡು, ಚಿಂತೆ ಬಿಡು ಎಂದು ಪಾಠ ಹೇಳಿದಳು. ಮೊದಲೆರಡನ್ನು ಬಿಟ್ಟೆ.

ನಾನು ನಿಂತದ್ದು ಗುರುಬಾಯಿಯ ತಗಡಿನ ಚಪ್ಪರದ ಮುಂದೆ. ಅವರ ಹೊಲ ರಸ್ತೆಗೆ ಹತ್ತಿದೆ. ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಸೊಲ್ಲಾಪುರದಿಂದ ರಾತ್ರಿಯೆಲ್ಲ ನಡೆದು ಬರುವವರಿಗೆ ಬೆಳಗಿನ ಚಹಾ, ಉಪ್ಪಿಟ್ಟು ಕೊಡುವುದು ಆ ಮನೆಯ ನೇಮ. ಬೂಟಿನಲ್ಲಿ ಕುಂಟುತ್ತಿದ್ದ ನನ್ನನ್ನೂ ಸೊಂಟ ಹೊರಳಿಸುತ್ತಿದ್ದ ಮಗಳನ್ನೂ ನೋಡಿ ಆಕೆ ಲೋಟ ಕೆಳಗಿಟ್ಟು ಓಡಿ ಬಂದರು.

"ಕೂಸಿನ ಸೊಂಟಾನ ಹೋಗೇತಲ್ರಿ ಬಾಯಾರ. ಎಂಥಾ ಹರಕಿ ಹೊತ್ತೀರಿ?"

ಪ್ರಾಜಕ್ತಾ ಕೈಗಡಿಯಾರ ನೋಡುತ್ತ ಮುಂದೆ ಹೋದಳು. ನಾನು ನಿಜ ಹೇಳಬೇಕೆಂದು ಬಾಯಿ ತೆರೆದೆ. ಅದರಲ್ಲಿ ಉಪ್ಪಿಟ್ಟು ಬಿತ್ತು. ಸ್ವಾಮಿಗಳ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ಮುಂದೆ ಹೋದವಳ ಪಾಲನ್ನೂ ನಾನೇ ತಿಂದೆ.

ಎರಡನೆಯ ದಿನ ಹೇಳೋಣವೆಂದರೆ ಬಾಳೆಹಣ್ಣು ಬಂತು. ಮೂರನೆಯ ದಿನ ಸೊಂಟಕ್ಕೆ ಹಚ್ಚಲು ಎಣ್ಣೆ. ಐದನೆಯ ದಿನದ ಹೊತ್ತಿಗೆ ಚಪ್ಪರದಲ್ಲಿ ಕೂತವರಿಗೆಲ್ಲ ಗುರುಬಾಯಿ ನಮ್ಮ ಕಥೆ ಹೇಳಿಯಾಗಿತ್ತು: ತಾಯಿ ಮಗಳು ಇಪ್ಪತ್ತೊಂದು ದಿನ, ದಿನಾಲು ಸೊಲ್ಲಾಪುರದಿಂದ ನಡೆದು ಬರುತ್ತಾರೆ. ಅಂದರೆ ದಿನಕ್ಕೆ ಮೂವತ್ತೆಂಟು ಕಿಲೋಮೀಟರ್. ಇಷ್ಟು ತಡವಾದ ಮೇಲೆ ಹೇಗೆ ಹೇಳುವುದು? ನಾಗಣಸೂರಿನ ಕನ್ನಡ ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಿಲ್ಲಿಸಿ ಬುದ್ಧಿ ಹೇಳುವ ಟೀಚರು ನಾನು. ಅದೇ ಶಾಲೆಯಲ್ಲಿ ನನಗರಿವಿಲ್ಲದೆ ನನ್ನ ಸೊಂಟವೂ ಹೊರಳತೊಡಗಿತ್ತು. ಮೂರನೆಯ ತರಗತಿಯವರು ನನ್ನ ಹಿಂದೆ ಸಾಲಾಗಿ ಹಾಗೇ ನಡೆದು ಬರುತ್ತಿದ್ದುದನ್ನು ಹೆಡ್‌ಮಾಸ್ತರರೇ ತೋರಿಸಿದರು.

ಹನ್ನೊಂದನೆಯ ದಿನ ಒಬ್ಬ ಮುದುಕರು ಪ್ರಾಜಕ್ತಾಳ ಪಾದಕ್ಕೆ ನಮಸ್ಕರಿಸಲು ರಸ್ತೆಯಲ್ಲೇ ಬಗ್ಗಿದರು. ಅವರನ್ನು ತುಳಿಯಬಾರದು, ನಿಲ್ಲಲೂಬಾರದು. ಹಿಮ್ಮಡಿಯನ್ನು ನೆಲಕ್ಕೆ ಒರೆಸುತ್ತ ಅವರನ್ನು ಬಳಸಿಕೊಂಡು ಹೋದಳು. "ನೋಡಿದೇನ ಮಮ್ಮಿ, ಒಟ್ಟ ಏಳಲಿಲ್ಲ" ಎಂದು ಆಮೇಲೆ ದಾರಿಯುದ್ದಕ್ಕೂ ಹೇಳಿದಳು. ಅಂದಿನಿಂದ ಮಾತು ಬೆಳೆಯಿತು. ಶಾಲೆಯ ಗೆಳತಿಯರ ಜಗಳ, ನಿತಿನ ಸರ್ ಮೀಸೆಗೆ ಬಣ್ಣ ಹಚ್ಚುವುದು, ಹೋದ ವರ್ಷ ಹೊರಬಿದ್ದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು. ಆ ದಿನ ನಲ್ಲಿ ಯಾಕಿಷ್ಟು ಹೊತ್ತು ಬಿಟ್ಟಿದ್ದಿ ಎಂದು ನಾನು ಬೈದಿದ್ದೆ.

ಇಪ್ಪತ್ತು ದಿನದಲ್ಲಿ ಅವಳ ಕಾಲು ನೆಲವನ್ನು ಕಚ್ಚಿ ಹಿಡಿಯಿತು. ನಾನು ಒಂದೇ ಉಸಿರಿಗೆ ಎರಡು ಕಿಲೋಮೀಟರ್ ಓಡಬಲ್ಲವಳಾದೆ. ತೂಕ ಎರಡು ಕಿಲೋ ಏರಿತ್ತು.

ಕೊನೆಯ ದಿನ ಗಟ್ಟಿ ಮನಸ್ಸು ಮಾಡಿ ಗುರುಬಾಯಿಗೆ ಹೇಳಿದೆ. "ನಾವು ಸೊಲ್ಲಾಪುರದಿಂದ ನಡದ ಬರೂದಿಲ್ರಿ. ಅಕ್ಕಲಕೋಟದವರ. ಇಲ್ಲೇ ಆಚೆ ಬಸ್ ಇಳಿತೀವಿ. ಹರಕಿ ಅಲ್ರಿ, ನಾಳೆ ಹುಡಿಗೀದು ನಡಿಗಿ ಸ್ಪರ್ಧಾ ಐತಿ."

ಆಕೆ ಬೋಗುಣಿ ತಿಕ್ಕುತ್ತಲೇ ಇದ್ದರು. "ಗೊತ್ತೈತಿ ತಗೋರಿ. ಮೂರನೇ ದಿನಾನ ನಮ್ಮ ಮನಿಯವರು ನೋಡ್ಯಾರ."

"ಮತ್ತ ಯಾರಿಗೂ ಹೇಳಲಿಲ್ಲಲ್ರಿ?"

"ಇನ್ನ ಆಗಂಗಿಲ್ಲಂತ ಕುಂತ ಮಂದಿ ನಿಮ್ಮ ಹುಡಿಗಿನ್ನ ನೋಡಿ ಎದ್ದ ಹೊಂಟಾರ. ಕಂಡದ್ದೆಲ್ಲಾ ಹೇಳಾಕ ನಾನೇನ ಪಂಚರೇನ್ರಿ?" ಎಂದು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದರು.

ಸ್ಪರ್ಧೆಯ ದಿನ ಸೊಲ್ಲಾಪುರದ ಮೈದಾನದಲ್ಲಿ ನಿತಿನ ಸರ್ ನನ್ನನ್ನು ಕೊನೆಯ ತಿರುವಿನ ತಂತಿಬೇಲಿಯ ಹತ್ತಿರ ನಿಲ್ಲಿಸಿದರು. ಬಾಯಿ ಬಿಡಬೇಡಿ, ನೀವು "ನೆಲ" ಅಂದರೆ ಪಂಚರೆಲ್ಲ ಅತ್ತ ನೋಡುತ್ತಾರೆ ಎಂದು ಎರಡು ಸಲ ಹೇಳಿ ಹೋದರು. ಹನ್ನೆರಡೂವರೆ ಸುತ್ತು, ಮೊದಲ ಇಬ್ಬರಿಗೆ ರಾಜ್ಯಮಟ್ಟ. ಪ್ರಾಜಕ್ತಾ ಎರಡನೆಯವಳಾಗಿ ಸಾಗಿದ್ದಳು. ಎಂಟನೆಯ ಸುತ್ತಿನಲ್ಲಿ ಹಲಗೆಯ ಮೇಲೆ ಅವಳ ನಂಬರಿನ ಮುಂದೆ ಒಂದು ಕೆಂಪು ಚುಕ್ಕೆ ಬಿತ್ತು, ಅಂದರೆ ಒಂದು ಕಾರ್ಡು. ಹನ್ನೊಂದರಲ್ಲಿ ಇನ್ನೊಂದು. ಹಿಂದಿನ ಹುಡುಗಿ ಹತ್ತು ಹೆಜ್ಜೆಯಷ್ಟೇ ದೂರ. ಹೋದ ವರ್ಷದ್ದೇ ಲೆಕ್ಕ.

ಕೊನೆಯ ತಿರುವಿಗೆ ಬಂದಳು. ಹೆಗಲು ಕಿವಿಯ ಹತ್ತಿರ ಏರಿತ್ತು. ಅದು ಏರಿದರೆ ಮುಂದೇನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹಿಂದಿನ ಬೆರಳು ನೆಲ ಬಿಟ್ಟಿತು, ಮುಂದಿನ ಹಿಮ್ಮಡಿ ಇನ್ನೂ ತಾಗಿರಲಿಲ್ಲ. ಪಾದಗಳ ಕೆಳಗಿನ ಆ ಸಂದಿಯಲ್ಲಿ ಆಚೆಯ ಬಿಳಿ ಗೆರೆ ಇಡಿಯಾಗಿ ಕಂಡಿತು. ತಿರುವಿನ ಪಂಚರು ಆಗಷ್ಟೇ ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸುತ್ತಿದ್ದರು.

ಇಪ್ಪತ್ತು ದಿನದ ಅಭ್ಯಾಸ. ಶಬ್ದ ಗಂಟಲಿಗೆ ಬಂದೇಬಿಟ್ಟಿತು. ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಆಮೇಲೆ ಮಗಳು ಹುಟ್ಟಿದಂದಿನಿಂದ ಮಾಡದ ಕೆಲಸವೊಂದನ್ನು ಮಾಡಿದೆ. ಕಣ್ಣು ಮುಚ್ಚಿದೆ.

ನಿತಿನ ಸರ್ ಸೀಟಿ ಹೊಡೆದಾಗಲೇ ತೆರೆದದ್ದು. ಎರಡನೆಯ ಸ್ಥಾನ. ಹಲಗೆಯ ಮೇಲೆ ಎರಡೇ ಚುಕ್ಕೆ.

ಸಂಜೆ ಕಲ್ಲಣ್ಣನವರ ಬಸ್ಸಿನಲ್ಲೇ ಹಿಂತಿರುಗಿದೆವು. ಅವರು ಟಿಕೇಟು ಕೊಡುವುದು ಮುಗಿಸಿ ಬಂದು, ಮೊದಲಿಂದ ಹೇಳು ಎಂದು ಪಕ್ಕದಲ್ಲಿ ನಿಂತರು. ನಾನು ತರಕಾರಿ ತಂದದ್ದನ್ನೂ ಅರ್ಧ ಗಂಟೆ ಹೇಳುವವಳು. ಅಂದು, ಬಿಸಿಲಿತ್ತು, ಎರಡನೇ ನಂಬರ್ ಬಂದಳು ಎಂದಷ್ಟೇ ಹೇಳಿದೆ. ನನಗೆ ಮೈ ಸರಿಯಿಲ್ಲವೇ ಎಂದು ಹಣೆ ಮುಟ್ಟಿ ನೋಡಿದರು.

ಪ್ರಾಜಕ್ತಾ ಬೂಟು ಬಿಚ್ಚಿ ಎರಡೂ ಕಾಲನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಮಮ್ಮಿ, ಕೊನೀ ತಿರುವಿನ್ಯಾಗ ನೋಡಾಕತ್ತಿದ್ದೇನ?"

"ನಾನಿನ್ನೇನ ಮಾಡ್ತೀನಿ?"

"ಎಷ್ಟ ನೋಡ್ತಿ" ಎಂದು ನಕ್ಕು ಹಾಗೇ ನಿದ್ದೆ ಹೋದಳು.

ಬಸ್ಸು ತಗಡಿನ ಚಪ್ಪರವನ್ನು ದಾಟಿತು. ಗುರುಬಾಯಿ ಹೊರಗೆ ನಿಂತಿದ್ದರು. ನಾನು ಎರಡು ಬೆರಳು ತೋರಿಸಿದೆ, ಅವರು ಕೈಯೆತ್ತಿದರು. ನೆಲ ಬಿಟ್ಟು ನನ್ನ ತೊಡೆಯ ಮೇಲಿದ್ದ ಆ ಕಾಲುಗಳನ್ನು ಒತ್ತುತ್ತ ಯೋಚಿಸಿದೆ. ಕಂಡದ್ದು ಒಂದೇ ಹೆಜ್ಜೆ. ಮುಂದಿನದು ನನಗೆ ತಿಳಿಯದು. ಒಂದು ಹೆಜ್ಜೆ ಕಂಡದ್ದನ್ನಾಗಲಿ, ಆಮೇಲೆ ಕಣ್ಣು ಮುಚ್ಚಿದ್ದನ್ನಾಗಲಿ ಗಂಡನಿಗೂ ನಿತಿನ ಸರ್‌ಗೂ ಮಗಳಿಗೂ ಯಾವತ್ತೂ ಹೇಳುವುದಿಲ್ಲವೆಂದು ಊರು ಬರುವಷ್ಟರಲ್ಲಿ ತೀರ್ಮಾನಿಸಿದೆ.