ಗಂಟಿನಿಂದ ಎಡಕ್ಕೆ

ಗುಬ್ಬಿಗೆ ಒಬ್ಬ ಅಕ್ಕ ಇದ್ದಾಳೆಂಬುದು ಹೆತ್ತ ಅಮ್ಮನಿಗೇ ಗೊತ್ತಿರಲಿಲ್ಲ. ಒಂದು ಸಂಜೆ ಮಗಳು ಫೋನಿನಿಂದ ಕಣ್ಣೆತ್ತದೆ, "ತಾಳಮ್ಮಾ, ಅಕ್ಕ ಏನೋ ಕೇಳ್ತಿದ್ದಾಳೆ" ಎಂದಾಗ ಅಮ್ಮ ಒಲೆಯ ಮುಂದೆ ನಿಂತಲ್ಲಿಂದಲೇ ಕತ್ತು ತಿರುಗಿಸಿ, "ಇವಳನ್ನ ನಾನು ಯಾವಾಗ ಹೆತ್ತೆನೇ? ನನಗೂ ಒಂದು ಮಾತು ಹೇಳಬಾರದಿತ್ತಾ?" ಎಂದಿದ್ದಳು.

ಅಕ್ಕ ಇದ್ದದ್ದು ಜಗಲಿಯಲ್ಲಿ. ಜಗಲಿ ಎಂದರೆ ಇಂಟರ್‌ನೆಟ್ಟಿನಲ್ಲಿ ಕಟ್ಟಿಕೊಂಡ ಒಂದು ಗುಂಪು. ಉನ್ನತ ಗಣಿತದ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಓದುವವರು ಅಲ್ಲಿ ಸೇರಿ ಲೆಕ್ಕ ಹಾಕುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು. ಯಾರೂ ಮುಖ ತೋರಿಸುವಂತಿಲ್ಲ, ಹೆಸರು ಹೇಳುವಂತಿಲ್ಲ. ಕಾಳು ಹೆಕ್ಕಿದ ಹಾಗೆ ಚಿಕ್ಕಚಿಕ್ಕ ಪ್ರಶ್ನೆ ಕೇಳುತ್ತಿದ್ದುದರಿಂದ ಇವಳು ಗುಬ್ಬಿಯಾದಳು. ಯಾವ ಲೆಕ್ಕದ ನಡುವೆಯೂ ಆಕಳಿಸುವವನು ನಿದ್ದೆಗಣ್ಣ. ಎಲ್ಲರಿಗಿಂತ ಹಳಬಳು ಲೆಕ್ಕದಕ್ಕ.

ಜಗಲಿಗೆ ತನ್ನದೇ ಒಂದು ಪದ್ಧತಿಯಿತ್ತು. ಕೇಳಿದವರಿಗೆ ದಾರಿ ತೋರಿಸಬಹುದು, ಕೈ ಹಿಡಿದು ಹತ್ತಿಸಬಹುದು, ಆದರೆ ಕೊನೆಯ ಮೆಟ್ಟಿಲು ಮಾತ್ರ ಕೇಳಿದವರದೇ. ಅದನ್ನು ಅವರೇ ಹತ್ತಬೇಕು. ಲೆಕ್ಕ ಎಲ್ಲಿಂದ ಬಂತು, ಯಾಕೆ ಬೇಕು ಎಂದು ಮಾತ್ರ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಾಯಾರಿ ಬಂದವರ ಊರು ಕೇಳಿ ನೀರು ಕೊಡುತ್ತಾರೆಯೇ?

ಒಂದು ಮಾತು ಸರಿಯೆಂದು ಹಂತಹಂತವಾಗಿ ತೋರಿಸುವ ಸಾಧನೆಯನ್ನು ಹೇಗೆ ಬರೆಯಬೇಕೆಂದು ಗುಬ್ಬಿಗೆ ಕಲಿಸಿದವಳು ಅಕ್ಕ. "ಇದು ಸ್ಪಷ್ಟ ಅಂತ ಬರೀತೀಯಲ್ಲ, ಅಲ್ಲೇ ಕಣೇ ಕಳ್ಳ ಕೂತಿರೋದು" ಎಂದು ಬೈಯುತ್ತಿದ್ದಳು. ಒಮ್ಮೆ ಅಣಕು ಪರೀಕ್ಷೆಯಲ್ಲಿ ಮುಗ್ಗರಿಸಿ ಗುಬ್ಬಿ ಜಗಲಿಯ ಕಡೆ ತಲೆ ಹಾಕದೆ ಮುದುಡಿ ಕೂತಾಗ ಹುಡುಕಿಕೊಂಡು ಬಂದವಳೂ ಅವಳೊಬ್ಬಳೇ. "ಎಲ್ಲಿ ಸತ್ತಿದ್ದೀಯೇ? ಊಟ ಮಾಡಿದ್ಯಾ? ಮೊದಲು ಊಟ, ಆಮೇಲೆ ಅಳು." ಗುಬ್ಬಿ ನಕ್ಕಳು, ಎದ್ದು ಹೋಗಿ ಉಂಡಳು.

"ನೀನ್ಯಾಕೆ ಪರೀಕ್ಷೆಗೆ ಕೂರಲ್ಲ ಅಕ್ಕಾ?" ಎಂದು ಕೇಳಿದ್ದಕ್ಕೆ, "ನನ್ನ ವಯಸ್ಸು ದಾಟಿಹೋಯ್ತು ಕಣೇ. ಈಗ ಬರೀ ಹುಚ್ಚಿಗೆ ಲೆಕ್ಕ ಮಾಡ್ತೀನಿ" ಎಂಬ ಉತ್ತರ ಬಂದಿತ್ತು.

ಗುಬ್ಬಿಗೆ ಮಾತ್ರ ಹುಚ್ಚಿನ ಜೊತೆಗೆ ಅವಸರವೂ ಇತ್ತು. ಅಮ್ಮ ಮೊಳೆ, ಬೀಗ, ಚಿಲಕ ಮಾರುವ ಅಂಗಡಿಯಲ್ಲಿ ತೂಕ ಮಾಡುವವಳು. "ಒಂದು ಸಲ ಬರಿ" ಎಂದಿದ್ದಳು. "ಸಿಕ್ಕಿದರೆ ನಾನೇ ನಿನ್ನ ಗಂಟುಮೂಟೆ ಹೊತ್ತುಕೊಂಡು ಬಂದು ಬಿಟ್ಟು ಬರ್ತೀನಿ. ಸಿಗಲಿಲ್ಲ ಅಂದರೆ ಅಂಗಡಿಗೆ ಬಾ. ಮಾಲೀಕರು ಗಲ್ಲಾ ಪಕ್ಕದ ಜಾಗ ನಿನಗೇ ಅಂತ ಇಟ್ಟಿದ್ದಾರೆ. ಎರಡನೇ ಸಲದ ಮಾತು ಬೇಡ." ಸಿಟ್ಟಿನಿಂದಲ್ಲ, ತಕ್ಕಡಿ ನೋಡಿ ಹೇಳುವ ದನಿಯಲ್ಲಿಯೇ ಹೇಳಿದ್ದಳು. ಅದಕ್ಕೇ ಗುಬ್ಬಿ ವಾದಿಸಲಿಲ್ಲ.

ಪರೀಕ್ಷೆ ಎರಡು ಹಂತದ್ದು. ಮೊದಲು ಮನೆಗೇ ಪ್ರಶ್ನೆಗಳು ಬರುತ್ತವೆ, ಒಂದು ತಿಂಗಳು ಒಬ್ಬರೇ ಕೂತು ಬಿಡಿಸಬೇಕು. ಅದರಲ್ಲಿ ಗೆದ್ದವರಿಗೆ ಬಾಯಿಮಾತಿನ ಪರೀಕ್ಷೆ. ನೆರೆಹೊರೆಯವರು ಹಂಚಿಕೊಳ್ಳದಿರಲೆಂದು ಪ್ರಶ್ನೆಪತ್ರಿಕೆಯಲ್ಲಿ ಎರಡು ಬಗೆ: ಕೆಲವರಿಗೆ ಒಂದು, ಕೆಲವರಿಗೆ ಇನ್ನೊಂದು. ಆ ತಿಂಗಳು ಕೇಳಿದವರೂ ಹೊರಗೆ, ಹೇಳಿದವರೂ ಹೊರಗೆ ಎಂಬುದು ನಿಯಮ. ಜಗಲಿಯೂ ಆ ತಿಂಗಳು ಬಾಗಿಲು ಹಾಕಿಕೊಳ್ಳುತ್ತಿತ್ತು. ಹರಟೆ ಬಿಟ್ಟರೆ ಬೇರೇನೂ ಇಲ್ಲ. "ಯಾರಿಗೂ ಏನೂ ಹೇಳಬೇಡ ಗುಬ್ಬಿ, ಜನ ಸರಿ ಇರಲ್ಲ" ಎಂದು ಮೊದಲ ದಿನವೇ ಎಚ್ಚರಿಸಿದ್ದವಳು ಲೆಕ್ಕದಕ್ಕ.

ಆ ತಿಂಗಳ ನಡುವೆ ಅವಳಿಂದಲೇ ಒಂದು ಖಾಸಗಿ ಸಂದೇಶ ಬಂತು.

"ಪರೀಕ್ಷೇದಲ್ಲ ಕಣೇ, ಹೆದರಬೇಡ. ನಮ್ಮ ಕಾಲೇಜಿನ ಮೇಷ್ಟ್ರು ಹಿಂದೆ ಕೊಟ್ಟಿದ್ದು. ಹಲ್ಲಿನ ಸಂದೀಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡ್ತಾ ಇದೆ. ನಿನ್ನ ಪ್ರಶ್ನೆ ಎಲ್ಲಾ ಮುಗಿದಿದ್ರೆ ಮಾತ್ರ ನೋಡು."

ಲೆಕ್ಕ ಹೀಗಿತ್ತು. ದುಂಡನೆಯ ಒಂದು ಮಣಿಸರ. ಮಣಿಗಳು ಸಮಸಂಖ್ಯೆಯಲ್ಲಿವೆ, ತೂಕ ಒಂದೊಂದರದು ಒಂದೊಂದು. ಸರವನ್ನು ಎರಡೇ ಕಡೆ ಕತ್ತರಿಸಿ ಅಕ್ಕತಂಗಿಯರಿಗೆ ಹಂಚಬೇಕು. ಇಬ್ಬರಿಗೂ ಅಷ್ಟಷ್ಟೇ ಮಣಿ ಸಿಗಬೇಕು. ತೂಕದ ವ್ಯತ್ಯಾಸ ಅತಿ ಭಾರದ ಮಣಿಯೊಂದರ ತೂಕವನ್ನು ಮೀರಬಾರದು. ಎಂಥ ಸರವಾದರೂ ಇದು ಸಾಧ್ಯವೆಂದು ತೋರಿಸು.

ಗುಬ್ಬಿಯ ಪತ್ರಿಕೆಯಲ್ಲಿ ಮಣಿಯೂ ಇರಲಿಲ್ಲ, ಸರವೂ ಇರಲಿಲ್ಲ. ಇನ್ನೊಂದು ಬಗೆಯ ಪತ್ರಿಕೆ ಇರುವುದು ಗೊತ್ತಿತ್ತು, ಆದರೆ ಪರೀಕ್ಷೆಗೇ ಕೂರದವಳ ಬಳಿ ಅದು ಹೇಗಿದ್ದೀತು? ಮೇಲಾಗಿ ಲೆಕ್ಕ ಚೆಂದವಿತ್ತು. ಚೆಂದದ ಲೆಕ್ಕ ಕಂಡರೆ ಗುಬ್ಬಿಯಂಥವರಿಗೆ ಬುದ್ಧಿ ಮಂಕಾಗುತ್ತದೆ. ಅಮ್ಮನ ಹಳೆಯ ಮಣಿಸರವನ್ನು ಗೂಟದಿಂದ ತೆಗೆದು ಕೈಯಲ್ಲಿ ಹಿಡಿದು ಕೂತಳು. ಅದರ ಕೊಕ್ಕೆ ಮುರಿದು ಬಹಳ ಕಾಲವಾಗಿತ್ತು. ಅಮ್ಮ ದಪ್ಪ ನೂಲಿನಿಂದ ಗಂಟು ಹಾಕಿಕೊಂಡಿದ್ದಳು. ಆ ಗಂಟಿನಿಂದ ಎಡಕ್ಕೆ ಅರ್ಧ ಮಣಿಗಳನ್ನು ಅಕ್ಕನ ಪಾಲೆಂದು ಎಣಿಸಿ ಅದರ ಎರಡು ತುದಿಗೂ ಒಂದೊಂದು ಬೆರಳಿಟ್ಟಳು. ಉಳಿದದ್ದು ತಂಗಿಯ ಪಾಲು. ಆಮೇಲೆ ಎರಡು ಬೆರಳನ್ನೂ ಒಂದೊಂದೇ ಮಣಿ ಎಡಕ್ಕೆ ಸರಿಸುತ್ತ ಹೋದಳು. ಅರ್ಧ ಸುತ್ತು ಮುಗಿಯುವಾಗ ಅಕ್ಕನದು ತಂಗಿಗೆ, ತಂಗಿಯದು ಅಕ್ಕನಿಗೆ! ಮೊದಲು ಭಾರವಾಗಿದ್ದ ಕೈ ಈಗ ಹಗುರ. ಅಂದರೆ ನಡುವೆ ಎಲ್ಲೋ ಒಂದು ಕಡೆ ತಕ್ಕಡಿ ಆ ಕಡೆಯಿಂದ ಈ ಕಡೆಗೆ ವಾಲಲೇಬೇಕು. ಪ್ರತಿ ಸಲ ಒಂದು ಮಣಿ ಹೋಗಿ ಒಂದು ಬರುತ್ತದೆ, ಆದ್ದರಿಂದ ವ್ಯತ್ಯಾಸ ಬದಲಾಗುವುದು ಹೆಚ್ಚೆಂದರೆ ಒಂದು ಮಣಿಯಷ್ಟು. ವಾಲುವ ಜಾಗದಲ್ಲಿ ಅದು ಒಂದು ಮಣಿಯನ್ನು ಮೀರುವುದಿಲ್ಲ. ಮುಗಿಯಿತು!

ಪದ್ಧತಿಯಂತೆ ಕೊನೆಯ ಮೆಟ್ಟಿಲು ಬಿಟ್ಟು ಬರೆದು ಕಳಿಸಿದಳು.

"ನನ್ನ ಹತ್ರಾನೂ ಪದ್ಧತಿ ಏನೇ?" ಎಂದಳು ಅಕ್ಕ. "ಪೂರ್ತಿ ಬರೆದು ಕಳಿಸು. ನಿನ್ನ ಬರವಣಿಗೆ ಎಷ್ಟು ಸುಧಾರಿಸಿದೆ ನೋಡಬೇಕು."

ಗುಬ್ಬಿ ಗಂಟಿನಿಂದ ಹಿಡಿದು ಪೂರ್ತಿ ಬರೆದು ಕಳಿಸಿದಳು. ಕಳಿಸುವಾಗ ಎದೆ ಉಬ್ಬಿತ್ತು ಎಂದರೆ ಸುಳ್ಳಲ್ಲ. ಗುರುವಿಗೇ ಪಾಠ ಹೇಳುವ ಯೋಗ ಎಲ್ಲರಿಗೂ ಬರುತ್ತದೆಯೇ?

ಮನೆಪತ್ರಿಕೆಗಳನ್ನು ಕಳಿಸುವ ದಿನ ಮುಗಿದ ಮೇಲೆ ಅಮ್ಮನಿಗೆ ಬುತ್ತಿ ಕೊಡಲು ಗುಬ್ಬಿ ಅಂಗಡಿಗೆ ಹೋದಳು. ಅಮ್ಮ ಮೊಳೆಯ ರಾಶಿಯನ್ನು ಎರಡು ಸಮ ಪೊಟ್ಟಣ ಮಾಡುತ್ತಿದ್ದಳು. ತಕ್ಕಡಿಯ ಎರಡು ತಟ್ಟೆಯಲ್ಲೂ ಮೊಳೆ. ಒಂದು ತಟ್ಟೆ ಕೆಳಗಿತ್ತು. ಅಮ್ಮ ಅದರಿಂದ ಒಂದು ಹಿಡಿ ತೆಗೆದು ಇನ್ನೊಂದಕ್ಕೆ ಹಾಕಿದಳು. ಮುಳ್ಳು ನಡುವನ್ನು ದಾಟಿ ಆ ಕಡೆಗೆ ಹಾರಿತು.

"ಒಂದು ಹಿಡಿ ಜಾಸ್ತಿ ಇತ್ತು ಅಂತ ಆ ಹಿಡೀನ ಪೂರ್ತಿ ಅತ್ತ ಹಾಕಿದರೆ ಹೀಗೇ" ಎಂದು ಅಮ್ಮ ತನ್ನನ್ನೇ ಬೈದುಕೊಂಡಳು.

ಗುಬ್ಬಿ ಬುತ್ತಿ ಹಿಡಿದು ನಿಂತೇಬಿಟ್ಟಳು. ಇಲ್ಲಿ ಕಡಿಮೆಯಾದದ್ದು ಅಲ್ಲಿ ಹೆಚ್ಚಾಗುತ್ತದೆ. ವ್ಯತ್ಯಾಸ ಬದಲಾಗುವುದು ಒಂದರಷ್ಟಲ್ಲ, ಎರಡರಷ್ಟು! ತನ್ನ ಸಾಧನೆಯಲ್ಲಿ ಕಳ್ಳ ಕೂತಿದ್ದಾನೆ. ಮನೆ ತಲುಪುವಷ್ಟರಲ್ಲಿ ದುರಸ್ತಿಯೂ ಹೊಳೆಯಿತು: ವಾಲುವ ಜಾಗದ ಈಚೆಗೊಂದು ಹಂಚಿಕೆ, ಆಚೆಗೊಂದು, ಅವೆರಡರ ನಡುವಿನ ಅಂತರ ಎರಡು ಮಣಿಯನ್ನು ಮೀರದು, ಹಾಗಾಗಿ ಎರಡರಲ್ಲಿ ಸೊನ್ನೆಗೆ ಹತ್ತಿರ ಇರುವುದನ್ನು ಆರಿಸಿದರೆ ಒಂದು ಮಣಿಯೊಳಗೇ ಇರುತ್ತದೆ.

"ಅಕ್ಕಾ, ತಪ್ಪಾಗಿದೆ! ಸರಿ ಮಾಡಿದ್ದೀನಿ, ಕೇಳು" ಎಂದು ಬರೆದಳು. ಸಂದೇಶ ಹೋಗಲಿಲ್ಲ. ಈ ಸದಸ್ಯರು ಈಗ ಇಲ್ಲ ಎಂಬ ಸಾಲು ಬಂತು. ಹಿಂದಿನ ಮಾತುಕತೆಯೆಲ್ಲ ಗುಡಿಸಿದಂತೆ ಮಾಯವಾಗಿತ್ತು.

ಗುಬ್ಬಿ ಮತ್ತೆ ಕಳಿಸಿ ನೋಡಿದಳು. ಜಗಲಿಯಲ್ಲಿ ಎಲ್ಲರನ್ನೂ ಕೇಳಿದಳು. "ಮದುವೆ ಆಗಿರಬೇಕು" ಎಂದ ನಿದ್ದೆಗಣ್ಣ. ಗುಬ್ಬಿ ಅವನ ಮೇಲೆ ಹರಿಹಾಯ್ದಳು. ಅಕ್ಕ ಹೇಳದೆ ಕೇಳದೆ ಹೋಗುವವಳಲ್ಲ. ಹುಷಾರಿಲ್ಲವೇನೋ, ಆಸ್ಪತ್ರೆಯಲ್ಲಿ ಇದ್ದಾಳೇನೋ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಎಲ್ಲಿ ಹುಡುಕುವುದು? ಬಾಯಿಪರೀಕ್ಷೆಗೆ ಕರೆ ಬಂದ ಸಂತೋಷವನ್ನೂ ಮೊದಲು ಹೇಳಬೇಕಾದವಳಿಗೆ ಹೇಳಲಾಗದೆ ಅವಳು ಅತ್ತಳು. ಅಮ್ಮ ತಲೆ ಸವರಿ, "ಬರ್ತಾಳೆ ಬಿಡು. ನಾನು ಹೆರದಿದ್ದರೇನು, ನನ್ನ ಮಗಳೇ ಅಲ್ವಾ" ಎಂದಳು.

ಬಾಯಿಪರೀಕ್ಷೆ ಜೋಡಿಯಾಗಿ ನಡೆಯುತ್ತಿತ್ತು. ಒಬ್ಬರು ತಾವು ಬಿಡಿಸಿ ಕಳಿಸಿದ ಮನೆಲೆಕ್ಕವೊಂದನ್ನು ಹಲಗೆಯ ಮೇಲೆ ವಿವರಿಸಬೇಕು. ಇನ್ನೊಬ್ಬರು ಎದುರಾಳಿ, ಅದರಲ್ಲಿ ಬಿರುಕು ಹುಡುಕಬೇಕು. ಹೊರಗಿನ ಬೆಂಚಿನ ಮೇಲೆ ಗುಬ್ಬಿಯ ಜೋಡಿ ಅವಳ ಪಕ್ಕದಲ್ಲೇ ಕೂತಿದ್ದಳು. ವಯಸ್ಸಿನಲ್ಲಿ ಎರಡು ಮೂರು ವರ್ಷ ದೊಡ್ಡವಳು, ಉದ್ದನೆಯ ಹುಡುಗಿ.

"ಹೆದರಿಕೇನಾ?" ಎಂದು ನಕ್ಕಳು.

"ಸ್ವಲ್ಪ."

"ಏನಾದ್ರೂ ತಿಂದ್ಯಾ? ಹೊಟ್ಟೆ ಖಾಲಿ ಇದ್ರೆ ಹೆದರಿಕೆ ಜಾಸ್ತಿ."

ಒಳ್ಳೆಯವಳು ಎಂದುಕೊಂಡಳು ಗುಬ್ಬಿ. ಆಚೆ ಗೋಡೆಗೆ ಒರಗಿ ಕೂತಿದ್ದ ಅಮ್ಮ ಕಣ್ಣಿನಲ್ಲೇ ಧೈರ್ಯ ಹೇಳಿದಳು.

ಒಳಗೆ ಇಬ್ಬರು ಪರೀಕ್ಷಕರು: ದಾರ ಕಟ್ಟಿದ ಕನ್ನಡಕದ ಹಿರಿಯ ಮೇಡಂ, ಕಿಟಕಿಯ ಬಳಿ ಒಬ್ಬ ಮೇಷ್ಟ್ರು. ಉದ್ದನೆಯ ಹುಡುಗಿ ಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬರೆದಳು, ಅದರ ಮೇಲೆ ಚುಕ್ಕೆಗಳನ್ನಿಟ್ಟಳು.

"ಗಂಟಿನಿಂದ ಎಡಕ್ಕೆ ಅರ್ಧ ಮಣಿಗಳನ್ನು ಎಣಿಸೋಣ" ಎಂದಳು. "ಅದು ಅಕ್ಕನ ಪಾಲು."

ಗುಬ್ಬಿಗೆ ಮೊದಲು ಬಂದದ್ದು ಕೋಪವಲ್ಲ, ಸಂತೋಷ. ಅಕ್ಕ ಬದುಕಿದ್ದಾಳೆ! ಹುಷಾರಾಗಿದ್ದಾಳೆ, ಕಣ್ಣೆದುರೇ ನಿಂತಿದ್ದಾಳೆ! ಎದ್ದು ಹೋಗಿ ತಬ್ಬಿಕೊಳ್ಳುವಷ್ಟು ಸಂತೋಷ. ಆಮೇಲೆ, ಬಿಸಿ ತಟ್ಟೆ ಹಿಡಿದ ಬೆರಳಿಗೆ ಉರಿ ತಡವಾಗಿ ತಿಳಿಯುವಂತೆ, ಉಳಿದದ್ದೆಲ್ಲ ತಿಳಿಯಿತು. ವಯಸ್ಸು ದಾಟಿರಲಿಲ್ಲ. ಮೇಷ್ಟ್ರು ಕೊಟ್ಟ ಹಳೆಯ ಲೆಕ್ಕವೂ ಅಲ್ಲ. ಹಲಗೆಯ ಮೇಲೆ ತನ್ನದೇ ವಾಕ್ಯಗಳು ಒಂದರ ಹಿಂದೊಂದು ಸಾಲುಗಟ್ಟುತ್ತಿದ್ದವು, ತಪ್ಪೂ ಸೇರಿದಂತೆ.

"ಎದುರಾಳಿ, ಪ್ರಶ್ನೆ ಇದೆಯೇ?" ಎಂದರು ಮೇಡಂ.

ಗುಬ್ಬಿ ಎದ್ದು ನಿಂತಳು. "ಒಂದು ಮಣಿ ಅಕ್ಕನಿಂದ ಹೋದರೆ ವ್ಯತ್ಯಾಸ ಎಷ್ಟು ಬದಲಾಗತ್ತೆ?"

"ಹೆಚ್ಚೆಂದರೆ ಒಂದು ಮಣಿಯಷ್ಟು."

"ಅದು ಹೋಗೋದು ಎಲ್ಲಿಗೆ? ತಂಗಿ ಹತ್ತಿರ ತಾನೇ?"

ಸೀಮೆಸುಣ್ಣ ನಿಂತಿತು. ಹುಡುಗಿ ತಿರುಗಿ ಗುಬ್ಬಿಯನ್ನು ನೋಡಿದಳು. ಎಲ್ಲರಿಗೂ ಹೀಗೆ ಕಾಳು ಹೆಕ್ಕುವಂತೆ ಕೇಳಲು ಬರುವುದಿಲ್ಲ. ಅವಳ ಮುಖದ ಬಣ್ಣ ಇಳಿದದ್ದನ್ನು ಗುಬ್ಬಿ ಕಂಡಳು. ಗುರುತು ಸಿಕ್ಕಿತ್ತು.

"ನೀವೇ ಸರಿ ಮಾಡಬಲ್ಲಿರಾ?" ಎಂದರು ಮೇಡಂ. ಗುಬ್ಬಿ ಹಲಗೆಯ ಬಳಿ ಹೋಗಿ ಎರಡು ಸಾಲಿನಲ್ಲಿ ಸರಿ ಮಾಡಿದಳು. ಮೇಷ್ಟ್ರು ತಲೆದೂಗಿದರು.

"ಬಹಳ ಬೇಗ ಹಿಡಿದಿರಿ. ಇದನ್ನ ಮೊದಲೆಲ್ಲಾದರೂ ನೋಡಿದ್ರಾ?" ಎಂದು ಅವರೇ ಕೇಳಿದರು.

ಇಲ್ಲ ಎಂದರೆ ಸಾಕಿತ್ತು. ಒಂದೇ ಒಂದು ಪದ. ಬಾಗಿಲಾಚೆ ಅಮ್ಮ ಗಂಟುಮೂಟೆ ಹೊರಲು ತಯಾರಾಗಿ ಕೂತಿದ್ದಳು. ಪಕ್ಕದಲ್ಲಿ ಅಕ್ಕ ಕಣ್ಣಿನಲ್ಲೇ ಬೇಡುತ್ತಿದ್ದಳು. ಇಷ್ಟು ಕಾಲ ಎಲ್ಲ ಸಾಧನೆಯಲ್ಲೂ ಕಳ್ಳನನ್ನು ಹುಡುಕು ಎಂದು ಹೇಳಿಕೊಟ್ಟ ಕಣ್ಣುಗಳು ಅವು.

"ನೋಡಿದ್ದೀನಿ" ಎಂದಳು ಗುಬ್ಬಿ. "ಅದು ನಂದೇ. ಆ ತಿಂಗಳಲ್ಲೇ ಇವರಿಗೆ ಬರೆದು ಕಳಿಸಿದ್ದೆ. ಪರೀಕ್ಷೇದು ಅಂತ ಗೊತ್ತಿರಲಿಲ್ಲ."

"ಸುಳ್ಳು" ಎಂದಳು ಹುಡುಗಿ, ತಡವರಿಸದೆ. "ಈ ಹುಡುಗೀನ ನಾನು ಇವತ್ತಿನವರೆಗೂ ನೋಡೇ ಇಲ್ಲ."

ಅದು ನಿಜವೇ ಆಗಿತ್ತು. ಅದಕ್ಕೇ ಇನ್ನಷ್ಟು ಚುಚ್ಚಿತು.

ಮೇಡಂ ಕನ್ನಡಕ ತೆಗೆದರು. "ಪ್ರಶ್ನೆಯಲ್ಲಿ ಸರ ದುಂಡಗಿದೆ, ಗಂಟಿನ ಮಾತೇ ಇಲ್ಲ. ನಿಮ್ಮ ಉತ್ತರದಲ್ಲಿ ಎಲ್ಲಿಂದ ಬಂತು?"

"ಎಲ್ಲಿಂದಾದರೂ ಶುರು ಮಾಡಬೇಕಲ್ಲ, ಮೇಡಂ" ಎಂದಳು ಹುಡುಗಿ.

"ನೀವು ಹೇಳಿ" ಎಂದು ಮೇಡಂ ಗುಬ್ಬಿಯ ಕಡೆ ತಿರುಗಿದರು.

"ಅಮ್ಮನ ಸರ" ಎಂದಳು ಗುಬ್ಬಿ. "ಕೊಕ್ಕೆ ಮುರಿದಿತ್ತು. ನೂಲಿನ ಗಂಟು ಹಾಕಿದ್ದಾಳೆ. ಹೊರಗೆ ಕೂತಿದ್ದಾಳೆ, ಹಾಕ್ಕೊಂಡೇ ಬಂದಿದ್ದಾಳೆ."

ಮೇಷ್ಟ್ರು ಬಾಗಿಲು ತೆರೆದು ಹೊರಗೆ ಹೋದರು. ಒಂದು ನಿಮಿಷ ಕಳೆದು ಬಂದು ಮೇಡಂ ಕಡೆ ನೋಡಿ ಹೌದೆಂದು ತಲೆಯಾಡಿಸಿದರು. ಹುಡುಗಿ ಹಲಗೆಗೆ ಬೆನ್ನು ಒರಗಿಸಿದಳು. ವೃತ್ತದ ಅರ್ಧ ಅವಳ ಬೆನ್ನಿಗೆ ಅಂಟಿತು.

"ಕೇಳಿದವರೂ, ಹೇಳಿದವರೂ" ಎಂದರು ಮೇಡಂ. ಗುಬ್ಬಿಯನ್ನು ನೋಡಲಾರದೆ ಕನ್ನಡಕ ಒರೆಸುತ್ತಲೇ ಇದ್ದರು. "ಯಾವ ಮನಸ್ಸಿನಿಂದ ಹೇಳಿದರು ಅಂತ ನಿಯಮ ಕೇಳಲ್ಲಮ್ಮ. ಇಬ್ಬರೂ ಹೋಗಬಹುದು."

ಮೆಟ್ಟಿಲ ಬಳಿ ಹುಡುಗಿ ಗುಬ್ಬಿಯ ತೋಳು ಹಿಡಿದಳು. "ಬಾಯಿ ಮುಚ್ಚಿಕೊಂಡಿದ್ರೆ ಇಬ್ಬರೂ ಒಳಗೆ ಇರ್ತಿದ್ವಿ! ನಿನಗೆ ಇನ್ನೂ ವಯಸ್ಸಿದೆ, ನನಗೆ ಇದೇ ಕೊನೇ ಸಲ. ಅಷ್ಟೂ ಅರ್ಥ ಆಗಲಿಲ್ವೇನೇ ನಿನಗೆ?"

ಹೇಳಬೇಕಾದದ್ದು ಬೇಕಾದಷ್ಟಿತ್ತು. ಅಂಗಡಿಯ ಗಲ್ಲಾದ ಪಕ್ಕದ ಜಾಗದ ಬಗ್ಗೆ, ಎರಡನೇ ಸಲ ಇಲ್ಲದ ತನ್ನ ಒಂದೇ ಸಲದ ಬಗ್ಗೆ. ಗುಬ್ಬಿಯ ಬಾಯಿಂದ ಬಂದದ್ದು ಬೇರೆಯೇ.

"ನಿಮಗೆ ಹುಷಾರಿಲ್ಲ ಅಂದ್ಕೊಂಡಿದ್ದೆ ನಾನು."

ಹುಡುಗಿಯ ಕೈ ಸಡಿಲವಾಯಿತು. ಅವಳು ಮೆಟ್ಟಿಲಿಳಿದು ಹೋದಳು.

ಬಸ್ಸಿನಲ್ಲಿ ಅಮ್ಮ ಇಬ್ಬರಿಗೂ ಟಿಕೆಟ್ ತೆಗೆದುಕೊಂಡಳು. ಆಮೇಲೆ, "ಅವಳೇನಾ, ನಮ್ಮ ದೊಡ್ಡವಳು?" ಎಂದಳಷ್ಟೇ. ಗುಬ್ಬಿ ಹೂಂ ಎಂದಳು. ಅಮ್ಮ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಫೋನು ಸದ್ದು ಮಾಡಿತು. ಜಗಲಿಗೆ ಹೊಸದಾಗಿ ಬಂದ ಯಾರೋ ಒಂದು ಲೆಕ್ಕ ಇಟ್ಟಿದ್ದರು: "ಯಾರಾದ್ರೂ ದಾರಿ ತೋರಿಸ್ತೀರಾ?" ಚೆಂದದ ಲೆಕ್ಕ. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಗುಬ್ಬಿಯ ತಲೆಯಲ್ಲಿ ಅದು ಕೊನೆಯ ಮೆಟ್ಟಿಲಿನವರೆಗೂ ಬಿಡಿಸಿಕೊಂಡಿತ್ತು. ಅವಳು ಬರೆಯತೊಡಗಿದಳು, ನಿಲ್ಲಿಸಿದಳು, ಬರೆದದ್ದನ್ನು ಅಳಿಸಿದಳು. ಅದರ ಬದಲಿಗೆ ಜಗಲಿಯಲ್ಲಿ ಅದುವರೆಗೆ ಯಾರೂ ಯಾರನ್ನೂ ಕೇಳದಿದ್ದ ಪ್ರಶ್ನೆಯೊಂದನ್ನು ಕಳಿಸಿ, ಉತ್ತರಕ್ಕೆ ಕಾಯುತ್ತ ಕೂತಳು.

"ಇದು ನಿಮಗೆ ಎಲ್ಲಿ ಸಿಕ್ಕಿತು?"