ದುಬೈ ಸುತ್ತಿ ಬಂದ ಮಾತು

೨೦೦೭ರ ವಾರ್ಡ್ ಚುನಾವಣೆಗೆ ಭಾನುಪ್ರಿಯ ಚನ್ನಪಟ್ಟಣದಲ್ಲಿ ಪಕ್ಷೇತರಳಾಗಿ ನಿಂತಳು. ಅವಳ ವಾರ್ಡಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಗಳೇ ಹೆಚ್ಚು. ಒಂದು ಸಭೆಯಲ್ಲಿ ಅವಳು, "ನೂಲಿನ ಮನೆಗಳ ಕೊಳೆನೀರು ಬೀದೀಲಿ ನಿಂತೈತೆ. ಗೆದ್ರೆ ಮೊದಲು ಚರಂಡಿ ಮಾಡುಸ್ತೀನಿ" ಅಂದಿದ್ದಳು. ಅದೇ ವಾರ ಊರಿನ ಪತ್ರಿಕೆಯೊಂದರ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂತು: "ಗೆದ್ದರೆ ನೂಲಿನ ಮನೆಗಳಿಗೆ ಬೀಗ."

ಮತ ಕೇಳಲು ಹೋದರೆ ಯಾರೂ ಮಾತಾಡಲಿಲ್ಲ. ಪಕ್ಕದ ಬೀದಿಯಲ್ಲಿ ನೂಲು ತೆಗೆಯುವ ಮುನವ್ವರಾ ಕೂಡ ಮುಖ ತಿರುಗಿಸಿದಳು. ಚೊಚ್ಚಲ ಹೆರಿಗೆಯಲ್ಲಿ ಇಬ್ಬರೂ ಆಸ್ಪತ್ರೆಯಲ್ಲಿ ಅಕ್ಕಪಕ್ಕ ಮಲಗಿದ್ದವರು. ಭಾನುಪ್ರಿಯ ಮನೆಗೆ ಬಂದು ಅತ್ತಳು.

ಗಂಡ ಜಯಕುಮಾರ್ ಬಿಡದಿಯ ಕಾರು ಫ್ಯಾಕ್ಟರಿಯಲ್ಲಿದ್ದ. ರಜೆ ಸಿಕ್ಕಾಗ ಸೈಬರ್ ಸೆಂಟರಿನಲ್ಲಿ ಕೂತು ಊರಿನ ವಿಷಯ ಬ್ಲಾಗಿನಲ್ಲಿ ಬರೆಯುವುದು ಅವನ ಹವ್ಯಾಸ. ಹೆಂಡತಿ ಆಡಿದ ಮಾತನ್ನು ಇದ್ದದ್ದು ಇದ್ದಹಾಗೇ ಬರೆದ.

"ಯಾರು ಓದ್ತಾರ್ರೀ ಅದ್ನ? ನಮ್ಮ ಬೀದೀಲಿ ಯಾರ ಮನೇಲೈತೆ ಕಂಪ್ಯೂಟ್ರು?"

"ಓದ್ದೆ ಇದ್ರೂ ಇರ್ಲಿ ಬುಡು. ನಿನ್ ಮಾತು ಒಂದ್ ಕಡೆಯಾದ್ರೂ ಸರಿಯಾಗಿರ್ಲಿ."

ಓದಿದವನೊಬ್ಬನಿದ್ದ. ದುಬೈಯಲ್ಲಿ ಕೆಲಸಕ್ಕಿದ್ದ ಮೆಹಬೂಬ್, ಮುನವ್ವರಾಳ ತಮ್ಮ. ಊರಿನ ನೆನಪಾದಾಗಲೆಲ್ಲ ಆ ಬ್ಲಾಗು ತೆರೆಯುತ್ತಿದ್ದ. ಓದಿದ್ದೇ ಅಕ್ಕನಿಗೆ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ಮುನವ್ವರಾ ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಳು. "ಪೇಪರ್‌ನಲ್ಲಿ ಬಂದಿದ್ದು ಸುಳ್ಳಿರಲ್ಲ ಅಂದ್ಕೊಂಡೆ ಭಾನು. ಪಕ್ಕದ ಬೀದಿಯಿಂದ ಬಂದು ಕೇಳ್ಲಿಲ್ಲ, ದುಬೈಯಿಂದ ಹೇಳಿಸ್ಕೊಂಡೆ."

"ನಾನಾದ್ರೂ ಬಂದು ಹೇಳ್ಬೋದಿತ್ತು ಕಣಕ್ಕ. ನಿನ್ ಮುಖ ನೋಡಿ ಧೈರ್ಯ ಬರ್ಲಿಲ್ಲ."

ಮುನವ್ವರಾ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಪ್ರಚಾರ ಮುಗಿಯುವವರೆಗೂ ಇಬ್ಬರೂ ಮನೆಮನೆ ಸುತ್ತಿದರು. ಕೆಲವರು ಕೂರಿಸಿ ಕೇಳಿದರು. ಇನ್ನು ಕೆಲವರು, "ಪೇಪರ್ನೋರಿಗೇನು ಸುಳ್ಳು ಬರೆಯೋ ಹುಚ್ಚಾ?" ಅಂದರು.

ಭಾನುಪ್ರಿಯ ಸ್ವಲ್ಪದರಲ್ಲಿ ಸೋತಳು.

ಎಣಿಕೆ ನಡೆದ ಶಾಲೆಯಿಂದ ತಲೆ ತಗ್ಗಿಸಿ ಹೊರಬಂದಾಗ ಗೇಟಿನ ಹತ್ತಿರ ಮುನವ್ವರಾಳ ಜೊತೆ ನೂಲಿನ ಮನೆಯ ಹೆಂಗಸರು ಕಾಯುತ್ತಿದ್ದರು. ಬಿಸಿನೀರಿನಲ್ಲಿ ಬೆಂದು ಬಿಳುಚಿದ ಬೆರಳುಗಳು ಅವರವು.

"ಸುಮ್ನೆ ಓಡಾಡಿಸ್ಬುಟ್ಟೆ ನಿಮ್ಮುನ್ನೆಲ್ಲ," ಅಂದಳು ಭಾನುಪ್ರಿಯ.

"ಅದಿರ್ಲಿ, ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?" ಅಂದಳು ಮುನವ್ವರಾ.

ಸಂಜೆ ಶಿಫ್ಟ್ ಮುಗಿಸಿ ಬಂದ ಜಯಕುಮಾರ್ ಹೆಂಡತಿಯನ್ನು ಹುಡುಕಿಕೊಂಡು ಪಕ್ಕದ ಬೀದಿಗೆ ಹೋದ. ಮುನವ್ವರಾಳ ನಡುಮನೆಯಲ್ಲಿ, ಅಷ್ಟೂ ಹೆಂಗಸರ ಮಧ್ಯೆ ಕೂತು, ಭಾನುಪ್ರಿಯ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.