ಕೈಗುಣದ ನೀರು

ಸೊಸೆಯ ಕೈಗುಣ ಸರಿಯಿಲ್ಲ ಎಂಬುದು ಆ ಮನೆಯಲ್ಲಿ ಎಂದೋ ತೀರ್ಮಾನವಾಗಿ ಹೋಗಿದ್ದ ಸಂಗತಿ. ಅವಳು ಬೇಯಿಸಿದ ಕಾಳು ಎಷ್ಟು ಕುದಿಸಿದರೂ ಹಲ್ಲಿಗೆ ಕಟಕಟ ಎನ್ನುತ್ತಿತ್ತು. ಅವಳು ಒಗೆದ ಟವೆಲ್ಲನ್ನು ಒಣಗಿದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು. ಉಜ್ಜಿ ಬೋರಲು ಹಾಕಿದ ಲೋಟಗಳ ಮೇಲೆ ಬೆಳಗಾಗುವುದರೊಳಗೆ ಬಿಳಿ ಕಲೆ.

"ಕೆಲವರ ಕೈಗುಣವೇ ಹಾಗೆ, ಪಾಪ," ಎನ್ನುತ್ತಿದ್ದರು ಅತ್ತೆ.

ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು. ಪಾಪ ಅಂದವರಿಗೆ ಏನು ಹೇಳುವುದು? ತವರಿನಲ್ಲಿ ಇದೇ ಕೈ ಕಾಳನ್ನು ಬೆಣ್ಣೆಯಂತೆ ಬೇಯಿಸುತ್ತಿತ್ತು. ಆದರೆ ಕೇಳಿ ಕೇಳಿ ಅವಳೂ ಅತ್ತೆಯ ಮಾತನ್ನೇ ನಂಬಿಬಿಟ್ಟಿದ್ದಳು. ಮೊನ್ನೆ ಜಡೆ ಹಾಕಿಸಿಕೊಳ್ಳುತ್ತಾ ಮಗಳು, "ಅಮ್ಮ, ನಿನ್ನ ಕೈಗುಣ ನನಗೆ ಬಂದಿಲ್ಲ ತಾನೇ?" ಎಂದು ಕೇಳಿದಾಗ ಮಾತ್ರ ಎದೆ ಚುರ್ ಎಂದಿತ್ತು.

ಬಚ್ಚಲಿನ ಷವರ್ ಕಟ್ಟಿಕೊಂಡು ತಲೆಗೆ ನಾಲ್ಕು ಹನಿಯೂ ಬೀಳದಂತಾದಾಗ ಗಂಡ ಎಚ್ಚೆತ್ತ. ನೀರಿನ ಸಾಫ್ಟನರ್ ಮಾರುವವನನ್ನು ಮನೆಗೇ ಕರೆಸಿದ. ಆಯ್ಕೆಯನ್ನೂ ತಾನೇ ಮಾಡಿಟ್ಟಿದ್ದ: ಪೈಪಿಗೆ ಹೊರಗಿನಿಂದ ಕಚ್ಚಿಸುವ ಅಯಸ್ಕಾಂತ. ಅದಕ್ಕೆ ಜಾಗ ಬೇಡ, ಉಪ್ಪು ಬೇಡ, ಎಲ್ಲಕ್ಕಿಂತ ಹೆಚ್ಚಾಗಿ ಗಂಡ ಸೋಫಾದಿಂದ ಏಳುವುದು ಬೇಡ.

"ಅದನ್ನೂ ಮಾರ್ತೀನಿ ಸಾರ್," ಎಂದ ಸಾಫ್ಟನರಿನವನು. "ಆದ್ರೆ ನಮ್ಮನೇಲಿ ಹಾಕಿಲ್ಲ."

ಅವನು ತೋರಿಸಿದ ಯಂತ್ರಕ್ಕೆ ಎರಡು ತೊಟ್ಟಿ. ಒಂದರ ತುಂಬ ಸಾಸಿವೆಗಿಂತ ಸಣ್ಣ ಹೊಂಬಣ್ಣದ ಮಣಿಗಳು, ಇನ್ನೊಂದರಲ್ಲಿ ಉಪ್ಪು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಲ್ಲಪ್ಪಾ, ನಮ್ಮದೇ ಉಪ್ಪುನೀರು. ಉಪ್ಪುನೀರಿಗೆ ಉಪ್ಪು ಹಾಕೋಕೆ ನೀನ್ಯಾಕೆ? ಒಂದು ಹಿಡಿ ನಾನೇ ಹಾಕ್ತೀನಿ."

"ಉಪ್ಪುನೀರು ಅಂತ ಸುಮ್ನೆ ಬಾಯಿಗೆ ಬಂದ ಹೆಸರು ಅಮ್ಮ. ಇದರಲ್ಲಿ ಕರಗಿರೋದು ಕಲ್ಲು, ಸುಣ್ಣದ ಕಲ್ಲು. ಅದನ್ನ ಈ ಮಣಿಗಳು ಹಿಡ್ಕೊಳ್ತವೆ. ಹಿಡಿದು ಹಿಡಿದು ಸುಸ್ತಾದ ಮಣಿಗಳನ್ನ ತೊಳೆಯೋಕೆ ಉಪ್ಪು."

ಸೊಸೆಯ ಕೈಗೆ ಒಂದು ಪುಟ್ಟ ಬಾಟಲಿ ಕೊಟ್ಟು, "ಅಕ್ಕಾ, ನಿಮ್ಮ ನಲ್ಲಿ ನೀರು ಹಿಡೀರಿ," ಎಂದ. ಅದಕ್ಕೆ ಎರಡು ಹನಿ ಸೋಪು ಬಿಟ್ಟು ಕುಲುಕಲು ಹೇಳಿದ. ಅವಳು ಕುಲುಕಿದಳು. ನೊರೆ ಏಳಲಿಲ್ಲ. ಒಡೆದ ಹಾಲಿನಂತೆ ತರಿತರಿಯಾಯಿತು.

"ಅವಳ ಕೈಗೆ ಯಾಕೆ ಕೊಟ್ಟೆ? ಅವಳ ಕೈಗುಣ ಗೊತ್ತಿದ್ದದ್ದೇ," ಎಂದರು ಅತ್ತೆ. ಹೊರಗಿನವನ ಮುಂದೆ ಹಾಗೆನ್ನಿಸಿಕೊಂಡು ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವನು ಚೀಲದಿಂದ ಮಣಿ ತುಂಬಿದ ಗಾಜಿನ ಕೊಳವೆಯೊಂದನ್ನು ತೆಗೆದ. ಅದೇ ನಲ್ಲಿಯ ನೀರನ್ನು ಅವಳೇ ಮೇಲಿನಿಂದ ಸುರಿದಳು. ಮಣಿಗಳ ಸಂದಿಯಲ್ಲಿ ಇಳಿದಿಳಿದು ಅದು ಕೆಳಗಿನ ಬಾಟಲಿಗೆ ತೊಟ್ಟಿಕ್ಕಿತು. ಬಣ್ಣ ಬದಲಾಗಿರಲಿಲ್ಲ. ಮತ್ತೆ ಎರಡು ಹನಿ ಸೋಪು. ಅವಳು ಅಳುಕುತ್ತಲೇ ಕುಲುಕಿದಳು.

ನೊರೆ ಎದ್ದಿತು. ಎದ್ದು, ಉಬ್ಬಿ, ಬಾಟಲಿಯ ಕುತ್ತಿಗೆಯವರೆಗೆ ಬೆಳ್ಳಗೆ ತುಂಬಿಕೊಂಡಿತು. ಅವಳು ಕುಲುಕುವುದನ್ನು ಮರೆತು ನೋಡುತ್ತಾ ನಿಂತಳು. ಇಷ್ಟು ತಿಳಿ ನೀರಿನೊಳಗೆ ಇಷ್ಟು ವರ್ಷ ಕಲ್ಲು ಕೂತಿತ್ತೇ! ಕಾಳು ಬೇಯದಂತೆ ತಡೆದದ್ದು, ಟವೆಲ್ಲಿನ ಎಳೆಎಳೆಯಲ್ಲಿ ಕೂತದ್ದು, ಷವರಿನ ಬಾಯಿ ಮುಚ್ಚಿದ್ದು, ಎಲ್ಲವೂ ಅದೇ. ಕಣ್ಣಿಗೆ ಕಾಣದ ಅಂಥ ಕಲ್ಲನ್ನು ಸಾಸಿವೆಯಷ್ಟಿಲ್ಲದ ಮಣಿಗಳು ಸದ್ದಿಲ್ಲದೆ ಹಿಡಿದಿಟ್ಟುಕೊಂಡಿದ್ದವು. ಅವಳಿಗೆ ಮೈ ಜುಮ್ಮೆಂದಿತು. ಬಾಟಲಿ ಹಿಡಿದಿದ್ದ ತನ್ನ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡಳು.

"ಅದರಲ್ಲಿ ಮೊದಲೇ ಸೋಪಿತ್ತು," ಎಂದರು ಅತ್ತೆ. ನಂಬಿ ಕೆಟ್ಟವರಲ್ಲ ಅವರು. ಅಡುಗೆಮನೆಯಿಂದ ತಮ್ಮದೇ ಗಾಜಿನ ಡಬ್ಬಿ ತಂದರು, ತಾವೇ ನಲ್ಲಿ ನೀರು ಹಿಡಿದು ಎರಡು ಹನಿ ಸೋಪು ಬಿಟ್ಟರು, ಮುಚ್ಚಳ ಬಿಗಿದು ಬಳೆ ಸದ್ದಾಗುವಂತೆ ಕುಲುಕಿದರು. ತರಿತರಿ. ಇನ್ನೆರಡು ಹನಿ ಸೋಪು ಬಿಟ್ಟು ಇನ್ನೂ ಜೋರಾಗಿ ಕುಲುಕಿದರು. ಆಗಲೂ ತರಿತರಿ.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವರು ಕುರ್ಚಿಯಲ್ಲಿ ಕುಸಿದರು.

"ನಮ್ಮತ್ತೆ ನನಗೂ ಇದನ್ನೇ ಅಂತಿದ್ರು ಕಣೇ," ಎಂದರು ಸೊಸೆಯತ್ತ ನೋಡದೆ. "ಕೈಗುಣ ಇಲ್ಲ ಅಂತ. ಸಾಯೋವರೆಗೂ ಅಂದ್ರು. ನಾನೂ ನಂಬಿದ್ದೆ."

ಸೊಸೆ ಗಾಜಿನ ಕೊಳವೆಗೆ ಮತ್ತೆ ನೀರು ಸುರಿದು, ಕೆಳಗೆ ಇಳಿದದ್ದನ್ನು ಅತ್ತೆಯ ಡಬ್ಬಿಯನ್ನು ತೊಳೆದು ಅದಕ್ಕೇ ತುಂಬಿ, ಎರಡು ಹನಿ ಸೋಪು ಬಿಟ್ಟು ಕೊಟ್ಟಳು. ಈ ಸಲ ಅವರು ಮೆಲ್ಲಗೆ ಕುಲುಕಿದರು. ಉಕ್ಕಿ ಬಂದ ನೊರೆಯನ್ನು ಅವರೂ ಬಾಯಿಬಿಟ್ಟುಕೊಂಡು ನೋಡಿದರು.

"ಹಾಗಾದ್ರೆ ಅಯಸ್ಕಾಂತ..." ಎಂದ ಗಂಡ ಸೋಫಾದಿಂದ.

"ಅದನ್ನ ನಿನ್ನ ಬೆನ್ನಿಗೆ ಕಚ್ಚಿಸ್ಕೋ, ಮೇಲೆ ಎಬ್ಬಿಸುತ್ತೋ ಏನೋ," ಎಂದರು ತಾಯಿ. "ಉಪ್ಪಿನದನ್ನೇ ಹಾಕಪ್ಪಾ ನೀನು."

ಗಲಾಟೆ ಕೇಳಿ ಮಗಳು ಓಡಿಬಂದಳು. ಅಜ್ಜಿಯ ಡಬ್ಬಿಯನ್ನು ಕಸಿದುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಲುಕಿಯೇ ಕುಲುಕಿದಳು. ಮುಚ್ಚಳ ಸಡಿಲಿ ನೊರೆ ಬೆರಳುಗಳ ಮೇಲೆಲ್ಲ ಹರಿಯಿತು.

"ಅಮ್ಮ, ಇದು ನಿನ್ನ ಕೈಲೂ ಬಂತಾ?"

"ಬಂತು," ಎಂದರು ಅಜ್ಜಿಯೇ. "ಮೊದಲು ಅವಳ ಕೈಲೇ ಬಂದಿದ್ದು."

ಹುಡುಗಿ ನೊರೆ ತುಂಬಿದ ಕೈಗಳನ್ನು ಮೇಲೆತ್ತಿ ಹಿಡಿದಳು. "ಹಾಗಾದ್ರೆ ನಿನ್ನ ಕೈಗುಣ ನನಗೂ ಬಂದಿದೆ!"